ಹನ್ನೊಂದನೇ ಕಲಂ

ಶಾಲೆಯ ಗೇಟಿಗೆ ಎದುರಾಗಿ ನನ್ನ ಜೆರಾಕ್ಸ್ ಅಂಗಡಿ. ಹತ್ತಡಿ ಅಗಲದ ಕೋಣೆ, ಎರಡು ಮೆಷಿನ್ನು, ಒಂದು ಕಂಪ್ಯೂಟರು, ಪೆನ್ನು ಪೆನ್ಸಿಲ್ಲಿಗೆ ಒಂದು ಗಾಜಿನ ಕಪಾಟು. ಅಲ್ಲಿ ಕೂತು ಹನ್ನೆರಡು ವರ್ಷ ಆಯಿತು. ಆ ಶಾಲೆಯ ಮೇಷ್ಟ್ರುಗಳು, ಟೀಚರುಗಳು ಬರೆದ ಕಾಗದದಲ್ಲಿ ನನ್ನ ಕೈ ದಾಟದೆ ಒಳಗೆ ಹೋದದ್ದು ಕಡಿಮೆ. ಯಾರ ಅಕ್ಷರ ಮುತ್ತು, ಯಾರದು ಕಾಗೆ ಕಾಲು, ಯಾರು ಯಾರದನ್ನು ನೋಡಿ ಬರೀತಾರೆ, ಎಲ್ಲ ನನಗೆ ಗೊತ್ತು. ಹೇಳಿಕೊಂಡು ತಿರುಗುವುದಿಲ್ಲ. ವ್ಯಾಪಾರಕ್ಕೂ ಒಂದು ಮರ್ಯಾದೆ ಅಂತ ಇರುತ್ತದಲ್ಲ.

ಅಲ್ಲಿ ಆರನೇ ತರಗತಿಗೆ ಗಣಿತ ಹೇಳಿಕೊಡುವವಳು ನಮ್ಮಕ್ಕ. ನನಗಿಂತ ಆರು ವರ್ಷ ದೊಡ್ಡವಳು. ಆ ಶಾಲೆ ಸೇರಿ ಹದಿನಾಲ್ಕು ವರ್ಷ, ಆದರೆ ಕೆಲಸ ಮಾತ್ರ ಇವತ್ತಿಗೂ ವರ್ಷ ವರ್ಷದ ಕರಾರಿನದು. ಶಾಲೆಯ ವರ್ಷ ಮುಗಿಯುವ ಹೊತ್ತಿಗೆ ಆಫೀಸಿಗೆ ಕರೆದು ಹೊಸ ಕರಾರು ಪತ್ರ ಮುಂದಿಡುತ್ತಾರೆ. ಎಲ್ಲರೂ ಗುಮಾಸ್ತ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿ, ಉಸಿರು ಬಿಟ್ಟು, ಹೊರಗೆ ಬರುತ್ತಾರೆ. ಕೆಲಸ ಉಳಿಯಿತಲ್ಲ, ಸಾಕು.

ಅಕ್ಕ ಹಾಗಲ್ಲ. ನಮ್ಮಪ್ಪ ಪತ್ರ ಬರಹಗಾರರು. ಬೇರೆಯವರ ಮನೆ, ಜಮೀನಿನ ಪತ್ರ ಬರೆದೇ ನಮ್ಮಿಬ್ಬರನ್ನೂ ಸಾಕಿದವರು. ಸಹಿಗೆ ಮುಂಚೆ ಓದಿದರೆ ಅದು ಓದು, ಸಹಿ ಆದಮೇಲೆ ಓದಿದರೆ ಅದು ಬರೀ ಪುರಾಣ ಅನ್ನುತ್ತಿದ್ದರು. ನಾನು ಆ ಮಾತಿಗೆ ನಕ್ಕು ಸುಮ್ಮನಾದೆ, ಅಕ್ಕ ಅದನ್ನು ಗಂಟು ಹಾಕಿಕೊಂಡಳು. ಕೆಲಸಕ್ಕೆ ಸೇರಿದ ದಿನ ಗುಮಾಸ್ತರ ಮೇಜಿನೆದುರು ಕೂತು ಆರು ಪುಟವನ್ನೂ ಓದಿದಳಂತೆ. ಗುಮಾಸ್ತರು ಎರಡು ಸಲ ಗಡಿಯಾರ ನೋಡಿದರು, ಒಂದು ಸಲ ಕೆಮ್ಮಿದರು. ಓದಿ ಮುಗಿಸಿ, ನನಗೊಂದು ಪ್ರತಿ ಬೇಕು ಅಂದಳು. ಇಷ್ಟು ವರ್ಷದಲ್ಲಿ ಪ್ರತಿ ಕೇಳಿದವರು ನೀವೇ ಮೊದಲು ಅಂತ ಅವರು ಹೇಳಿದರು. ಬೈದದ್ದೋ ಹೊಗಳಿದ್ದೋ ಅಕ್ಕನಿಗೆ ಇನ್ನೂ ಗೊತ್ತಿಲ್ಲ.

ಆ ಕರಾರಿನಲ್ಲಿ ಹತ್ತು ಮತ್ತು ಹನ್ನೊಂದು ಅಂತ ಎರಡು ಕಲಂಗಳಿದ್ದವು. ಪ್ರತಿ ಶಿಕ್ಷಕರೂ ವಾರಕ್ಕೊಂದು ಪಾಠ ಯೋಜನೆ ಬರೆಯಬೇಕು, ಕೇಳಿದಾಗ ತೋರಿಸಬೇಕು: ಇದು ಹತ್ತನೆಯದು. ಆ ತಯಾರಿಗಾಗಿ ದಿನಕ್ಕೊಂದು ಪೀರಿಯಡ್ ಬಿಡುವು ಕೊಡಲಾಗುವುದು: ಇದು ಹನ್ನೊಂದನೆಯದು. ಹತ್ತನೆಯದು ಶಾಲೆಯಲ್ಲಿ ಎಲ್ಲರಿಗೂ ಬಾಯಿಪಾಠ. ಹನ್ನೊಂದನೆಯದು ಇದೆ ಅಂತ ಗೊತ್ತಿದ್ದವರು ಅಕ್ಕ ಮತ್ತು ಅದನ್ನು ಟೈಪ್ ಮಾಡಿದವರು, ಇಬ್ಬರೇ.

ಅವಳು ಪಾಠಕ್ಕೆ ತಯಾರಾಗುವ ರೀತಿಯನ್ನು ನಾನು ಹೇಳಲೇಬೇಕು. ಉದ್ದನೆಯ ರೂಲ್ಡ್ ಪುಸ್ತಕ, ವರ್ಷಕ್ಕೊಂದು. ಎಡಗಡೆ ಪುಟದಲ್ಲಿ ಇವತ್ತು ಏನು ಮಾಡಬೇಕು ಅಂತ ಬರೆಯುತ್ತಾಳೆ. ಬಲಗಡೆ ಪುಟ ಖಾಲಿ. ಕ್ಲಾಸು ಮುಗಿದ ಮೇಲೆ ನಿಜಕ್ಕೂ ಏನಾಯಿತು ಅಂತ ಅಲ್ಲಿ ಬರೆಯುತ್ತಾಳೆ. ಯಾರಿಗೂ ತೋರಿಸಲಿಕ್ಕಲ್ಲ, ಮಾರನೇ ದಿನದ ಎಡಗಡೆ ಪುಟಕ್ಕೆ ಅದು ಬೇಕು, ಅದಕ್ಕೆ. ನಮ್ಮ ಭಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆ ಪುಸ್ತಕವನ್ನು ಅವರು 'ನಿನ್ನ ಗ್ಯಾರೇಜು' ಅಂತ ಕರೆಯುತ್ತಾರೆ. ಆಕೆ ಪುಸ್ತಕ ಹಿಡಿದು ಕೂತಾಗ ಮನೆಯಲ್ಲಿ ಟಿವಿ ಸದ್ದು ತಾನಾಗಿ ಕಡಿಮೆಯಾಗುತ್ತದೆ.

ಮೂರು ವರ್ಷದ ಹಿಂದೆ ಶಾಲೆಗೆ ಹೊಸ ಕಾರ್ಯದರ್ಶಿಗಳು ಬಂದರು. ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೆಷಿನ್ ವಿಭಾಗ ನೋಡಿಕೊಂಡು ನಿವೃತ್ತರಾದವರು. ಕೆಟ್ಟವರಲ್ಲ. ಶಾಲೆಗೆ ಒಳ್ಳೆಯ ಹೆಸರು ಬರಬೇಕು ಅನ್ನುವ ಆಸೆ ಪ್ರಾಮಾಣಿಕವಾಗಿತ್ತು. ಆದರೆ ಕಾಗದದ ಮೇಲೆ ಇಲ್ಲದ್ದು ನಡೆದೇ ಇಲ್ಲ ಅನ್ನುವುದು ಅವರ ಸಿದ್ಧಾಂತ. ಬಂದ ಎರಡೇ ತಿಂಗಳಲ್ಲಿ ಫಾರಂಗಳು ಶುರುವಾದವು. ವಾರದ ಯೋಜನೆ, ದಿನದ ಯೋಜನೆ, ಪೀರಿಯಡ್ಡಿಗೊಂದು ಹಾಳೆ, ಮುಗಿದ ಪಾಠದ ವರದಿ, ಹಿಂದುಳಿದ ಮಕ್ಕಳ ಪಟ್ಟಿ, ಮುಂದಿರುವ ಮಕ್ಕಳ ಪಟ್ಟಿ, ಬಳಸಿದ ಸಾಮಗ್ರಿಯ ಪಟ್ಟಿ, ಟೀಚರು ತಮ್ಮನ್ನು ತಾವೇ ಅಳೆದುಕೊಳ್ಳುವ ಹಾಳೆ. ಇಷ್ಟನ್ನೂ ತುಂಬಿದ್ದೇನೆ ಅನ್ನುವುದಕ್ಕೆ ಒಂಬತ್ತನೆಯದಾಗಿ ಇನ್ನೊಂದು ಹಾಳೆ.

ನನಗೆ ಸುಗ್ಗಿ. ಬೆಳಿಗ್ಗೆ ಷಟರ್ ಎತ್ತುವ ಮುಂಚೆಯೇ ನಾಲ್ಕು ಜನ ಟೀಚರುಗಳು ಬಾಗಿಲಲ್ಲಿ ನಿಂತಿರುತ್ತಿದ್ದರು. ಆದರೆ ಸುಗ್ಗಿಯಲ್ಲೂ ಕಣ್ಣು ಕುರುಡಾಗುವುದಿಲ್ಲವಲ್ಲ. ಒಬ್ಬರು ಬರೆದ ಯೋಜನೆಯನ್ನೇ ಐದು ಜನ ಹೆಸರು ಬದಲಾಯಿಸಿ ಒಪ್ಪಿಸುತ್ತಿದ್ದರು. ಮೊದಲನೆಯವರು 'ಉದ್ದೇಶ'ಕ್ಕೆ ಒತ್ತು ಬಿಟ್ಟಿದ್ದರೆ ಐದೂ ಜನರ ಉದ್ದೇಶಕ್ಕೆ ಒತ್ತಿಲ್ಲ. ಒಂದು ಸಲ ಚಿತ್ರಕಲೆಯ ಮೇಷ್ಟ್ರ ಹಾಳೆಯಲ್ಲಿ 'ಮಕ್ಕಳು ಸಮೀಕರಣ ಬಿಡಿಸುವರು' ಅಂತ ಇತ್ತು. ತೋರಿಸಿದೆ. ಅವರು ಬೆವರು ಒರೆಸಿಕೊಂಡು, ಇರಲಿ ಬಿಡಪ್ಪ, ಯಾರು ಓದ್ತಾರೆ ಅಂದರು.

ಹನ್ನೊಂದನೇ ಕಲಮಿನ ಬಿಡುವಿನ ಪೀರಿಯಡ್ ಏನಾಯಿತು ಅಂದರೆ, ರಜೆ ಹಾಕಿದವರ ಕ್ಲಾಸು ನೋಡಿಕೊಳ್ಳುವುದಕ್ಕೆ ಅರ್ಧ ಹೋಯಿತು, ಉಳಿದರ್ಧ ಫಾರಂ ತುಂಬುವುದಕ್ಕೆ. ಪಾಠಕ್ಕೆ ತಯಾರಾಗಲು ಕೊಟ್ಟ ಹೊತ್ತನ್ನು ಪಾಠಕ್ಕೆ ತಯಾರಾಗಿದ್ದೇವೆ ಅಂತ ಬರೆಯುವುದೇ ತಿಂದುಹಾಕಿತು. ಅಕ್ಕ ಒಂದು ವರ್ಷ ಒಂಬತ್ತನ್ನೂ ತುಂಬಿದಳು, ತನ್ನ ಉದ್ದನೆಯ ಪುಸ್ತಕವನ್ನೂ ಬರೆದಳು. ಭಾನುವಾರ ಮಧ್ಯಾಹ್ನ ಊಟದ ಮೇಜಿನ ತುಂಬ ಹಾಳೆ ಹರಡಿಕೊಂಡಿರುತ್ತಿದ್ದಳು. ಭಾವ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

ಅವಳನ್ನು ಎಬ್ಬಿಸಿದ್ದು ಒಬ್ಬ ಹೊಸ ಟೀಚರ್. ಆ ವರ್ಷವೇ ಸೇರಿದ ಹುಡುಗಿ, ಐದನೇ ತರಗತಿಗೆ ಪಾಠ. ಒಂದು ಸಂಜೆ ಬೇರೆಯವರ ಯೋಜನೆಯ ಪ್ರತಿ ತೆಗೆಸಿಕೊಳ್ಳಲು ಅಂಗಡಿಗೆ ಬಂದಳು. ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಹುಡುಗಿ ಹಾಳೆಯನ್ನು ಸೆರಗಿನಡಿ ಮುಚ್ಚಿಕೊಂಡಳು. ಅಕ್ಕ ಬೈಯಲಿಲ್ಲ. ಇವತ್ತು ಏನು ಪಾಠ ಮಾಡಿದಿ ಅಂತ ಕೇಳಿದಳು, ಅಷ್ಟೆ. ಹುಡುಗಿ ಹೇಳಿದಳು:

"ಪುಸ್ತಕ ಓದಿಸಿದೆ ಮೇಡಂ. ಪ್ಲಾನ್ ಬರೆಯೋದರಲ್ಲಿ ಪಾಠ ನೋಡಿಕೊಳ್ಳೋಕೆ ಆಗಲಿಲ್ಲ."

ಹೇಳಿ ಅಳುವುದಕ್ಕೆ ಶುರುಮಾಡಿದಳು. ನಾನು ಗಿರಾಕಿಗಳಿಗೆ ಬೆನ್ನು ಕಾಣುವ ಹಾಗೆ ಕುರ್ಚಿ ತಿರುಗಿಸಿಕೊಟ್ಟೆ. ಅಕ್ಕ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. ಮುಖ ಮಾತ್ರ ಬೇರೆಯಾಗಿತ್ತು. ಚಿಕ್ಕವನಿದ್ದಾಗ ನನ್ನ ಸೈಕಲ್ ಕಿತ್ತುಕೊಂಡ ಪಕ್ಕದ ಬೀದಿಯವರ ಮನೆಗೆ ಹೋಗುವಾಗ ಅವಳಿಗೆ ಇದೇ ಮುಖ ಇತ್ತು.

ಮಾರನೇ ದಿನದಿಂದ ಅಕ್ಕ ಒಂದು ಚಿಕ್ಕ ಡೈರಿ ಇಟ್ಟಳು. ಯಾವ ಫಾರಮ್ಮಿಗೆ ಎಷ್ಟು ನಿಮಿಷ, ಪಾಠದ ತಯಾರಿಗೆ ಎಷ್ಟು ನಿಮಿಷ, ಬಿಡುವಿನ ಪೀರಿಯಡ್ ಸಿಕ್ಕಿತೋ ಇಲ್ಲವೋ. ಆರು ವಾರ. ಹಾಗೇ ಬರೆದಿಡಿ ಅಂತ ಬೇರೆಯವರನ್ನೂ ಕೇಳಿದಳು. ಎಲ್ಲರೂ ವರ್ಷದ ಕೊನೆಗೆ ಕರಾರು ಹೊಸದಾಗಬೇಕಾದವರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸಕ್ಕೆ ಯಾರು ಮುಂದೆ ಬರುತ್ತಾರೆ? ಮೂರು ಜನ ಬಂದರು, ಆ ಹೊಸ ಟೀಚರ್ ಸೇರಿ.

ನಾನು ನನ್ನ ಬುದ್ಧಿವಂತಿಕೆ ತೋರಿಸಿದೆ. ಯೋಜನೆಯ ಮಧ್ಯೆ ಒಂದು ಸಿನಿಮಾ ಕತೆ ಬರೆದು ಒಪ್ಪಿಸಕ್ಕ, ಯಾರೂ ಓದಲ್ಲ ಅಂತ ತಾನಾಗಿ ಸಾಬೀತಾಗುತ್ತೆ ಅಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ, "ನಾನು ಸಹಿ ಹಾಕೋ ಹಾಳೆಯಲ್ಲಿ ಸುಳ್ಳು ಬರೆಯಲ್ಲ ಕಣೋ" ಅಂದಳು. ಅಲ್ಲಿಗೆ ನನ್ನ ಬುದ್ಧಿವಂತಿಕೆ ಮುಗಿಯಿತು.

ಆರು ವಾರದ ಲೆಕ್ಕ ಹೀಗೆ ಬಂತು: ನಾಲ್ಕೂ ಜನರ ಸರಾಸರಿ, ವಾರಕ್ಕೆ ಒಂಬತ್ತು ಗಂಟೆ ಹತ್ತು ನಿಮಿಷ ಫಾರಮ್ಮಿಗೆ, ಒಂದು ಗಂಟೆ ನಲವತ್ತು ನಿಮಿಷ ಪಾಠಕ್ಕೆ. ಐದು ಬಿಡುವಿನ ಪೀರಿಯಡ್ಡಿನಲ್ಲಿ ಸಿಕ್ಕಿದ್ದು ಒಂದು.

ಅದನ್ನು ಲಗತ್ತಿಸಿ ಅಕ್ಕ ಹೆಡ್‌ಮೇಡಂಗೆ ಒಂದು ಪತ್ರ ಕೊಟ್ಟಳು. ಒಂದೇ ಪುಟ. ಹತ್ತನೇ ಕಲಮಿನ ಪ್ರಕಾರ ವಾರದ ಯೋಜನೆಯನ್ನು ತಪ್ಪದೆ ಕೊಡುತ್ತೇನೆ. ಹನ್ನೊಂದನೇ ಕಲಮಿನ ಪ್ರಕಾರ ಬಿಡುವಿನ ಪೀರಿಯಡ್ಡನ್ನು ಮುಂದಿನ ಸೋಮವಾರದಿಂದ ಪಾಠದ ತಯಾರಿಗೇ ಬಳಸುತ್ತೇನೆ. ಉಳಿದ ಎಂಟು ಫಾರಂಗಳು ಕರಾರಿನಲ್ಲಿ ಇಲ್ಲ, ಅವುಗಳ ಬಗ್ಗೆ ಆಡಳಿತ ಮಂಡಳಿ ತೀರ್ಮಾನ ಹೇಳುವ ತನಕ ತುಂಬುವುದಿಲ್ಲ. ಹೆಡ್‌ಮೇಡಂ ಒಳ್ಳೆಯ ಹೆಂಗಸು, ಹಿಂದೆ ಅಕ್ಕನ ಪಕ್ಕದ ಕ್ಲಾಸಿನಲ್ಲೇ ಪಾಠ ಮಾಡುತ್ತಿದ್ದವರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಸ್ವಭಾವ. ಪತ್ರವನ್ನು ಎರಡು ಸಲ ಓದಿ, ಇದನ್ನು ನಾನು ನೋಡಲೇ ಇಲ್ಲ ಅಂದುಕೊಳ್ಳಲಾ ಅಂತ ಕೇಳಿದರಂತೆ. ಬೇಡ ಮೇಡಂ, ನೋಡಿದ್ದೀರಿ ಅಂತ ಒಂದು ಸಹಿ ಹಾಕಿ ಕೊಡಿ ಅಂದಳಂತೆ ಅಕ್ಕ.

ನಾಲ್ಕನೇ ದಿನ ಕಾರಣ ಕೇಳಿ ನೋಟಿಸ್ ಬಂತು. ನೀರಲ್ಲಿದ್ದುಕೊಂಡು ಮೊಸಳೆ ಹತ್ತಿರ ಯಾಕಕ್ಕ ಜಗಳ ಅಂತ ಹೇಳಿಯೂ ಹೇಳಿದೆ. ಭಾವ ಮಾತ್ರ ಕೈಯ ಗ್ರೀಸು ಒರೆಸಿಕೊಳ್ಳುತ್ತಾ ನೋಟಿಸ್ ಓದಿದರು. ಗಾಡಿ ಸರಿಯಿಲ್ಲ ಅಂತ ಹೇಳಿದ ಮೆಕ್ಯಾನಿಕ್‌ದು ತಪ್ಪಲ್ಲ, ಹೇಳದೆ ರಸ್ತೆಗೆ ಬಿಟ್ಟವನದು ತಪ್ಪು ಅಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ವಿಚಾರಣೆ ಶಾಲೆ ಬಿಟ್ಟ ಮೇಲೆ ನಾಲ್ಕು ಗಂಟೆಗೆ, ಮಂಡಳಿಯ ಕೋಣೆಯಲ್ಲಿ. ಕಾರ್ಯದರ್ಶಿಗಳು, ಇಬ್ಬರು ಸದಸ್ಯರು, ಹೆಡ್‌ಮೇಡಂ ಇದ್ದರು. ಅಕ್ಕನನ್ನು ಒಬ್ಬಳನ್ನೇ ಕರೆದಿದ್ದರು. ಆದರೆ ಹೊಸ ಟೀಚರ್ ತನ್ನ ಆರು ವಾರದ ಡೈರಿ ಹಿಡಿದು, ಯಾರೂ ಕರೆಯದೆ ಒಳಗೆ ಹೋಗಿ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತಳಂತೆ. ಹೊರಗೆ ಹೋಗು ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಅಲ್ಲಿ ನಡೆದದ್ದನ್ನು ನನಗೆ ಮೊದಲು ಹೇಳಿದ್ದು ಆ ಹುಡುಗಿ, ಆಮೇಲೆ ಹೆಡ್‌ಮೇಡಂ. ಅಕ್ಕನನ್ನು ಕೇಳಿದರೆ, ಮಾತಾಡಿದೆವು ಅಂತ ಮುಗಿಸುತ್ತಾಳೆ.

ಕಾರ್ಯದರ್ಶಿಗಳು ಮೊದಲು ಶಿಸ್ತಿನ ಬಗ್ಗೆ ಹೇಳಿದರು. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕರಾರಿನ ಪ್ರತಿ, ಲೆಕ್ಕದ ಹಾಳೆ, ತನ್ನ ಉದ್ದನೆಯ ಪುಸ್ತಕ ಮೂರನ್ನೂ ಮೇಜಿನ ಮೇಲಿಟ್ಟಳು. ಅವರು ಕರಾರು ಮುಟ್ಟಲಿಲ್ಲ, ಪುಸ್ತಕ ತೆಗೆದುಕೊಂಡರು. ಇದು ನಮೂನೆಯಲ್ಲಿಲ್ಲವಲ್ಲ ಅಂದರು. ಪುಟ ತಿರುಗಿಸುತ್ತಾ ಒಂದು ಕಡೆ ನಿಂತರು. ಭಿನ್ನರಾಶಿಯ ಪಾಠ. ಎಡಗಡೆ, ಕಾಗದ ಮಡಿಸಿ ನಾಲ್ಕರಲ್ಲೊಂದು, ಎಂಟರಲ್ಲೊಂದು ತೋರಿಸಬೇಕು ಅಂತ ಇತ್ತು. ಬಲಗಡೆ ಹೀಗಿತ್ತು: 'ಇವತ್ತು ಪಾಠ ಕೆಟ್ಟಿತು. ಮಡಿಸುವ ಖುಷಿಯಲ್ಲಿ ಎಲ್ಲರ ಕಾಗದವೂ ದೋಣಿ ಆಯಿತು. ಎಂಟರಲ್ಲೊಂದು ನಾಲ್ಕರಲ್ಲೊಂದಕ್ಕಿಂತ ದೊಡ್ಡದು ಅಂದವರು ಹನ್ನೊಂದು ಜನ.'

"ಪಾಠ ಕೆಟ್ಟಿತು ಅಂತ ನೀವೇ ಬರೆದುಕೊಂಡಿದ್ದೀರಲ್ಲ?" ಅಂದರು ಕಾರ್ಯದರ್ಶಿಗಳು.

"ಕೆಟ್ಟಿತ್ತು ಸಾರ್. ಮುಂದಿನ ಪುಟ ನೋಡಿ."

ಮುಂದಿನ ಪುಟ ಮಾರನೇ ದಿನದ್ದು. ಒಂದೇ ಉದ್ದದ ಎರಡು ರಿಬ್ಬನ್. ಒಂದನ್ನು ನಾಲ್ಕು ಮಕ್ಕಳಿಗೆ, ಇನ್ನೊಂದನ್ನು ಎಂಟು ಮಕ್ಕಳಿಗೆ ಸಮನಾಗಿ ಕತ್ತರಿಸಿ ಹಂಚುವುದು. ಬಲಗಡೆ: 'ಎಂಟು ಜನವೂ ನಮ್ಮದು ಚಿಕ್ಕದು ಅಂತ ಜಗಳಕ್ಕೆ ಬಂದರು. ಜಗಳ ಬಿಡಿಸುವಷ್ಟರಲ್ಲಿ ಪಾಠ ತಲೆಗೆ ಹೋಗಿತ್ತು. ಅರ್ಥವಾಗದೆ ಉಳಿದವರು ಇಬ್ಬರು. ಅವರನ್ನು ನಾಳೆ ಮುಂದಿನ ಬೆಂಚಿಗೆ ಕರೆಯಬೇಕು.'

ಒಬ್ಬ ಸದಸ್ಯರು ನಕ್ಕರಂತೆ. ಕಾರ್ಯದರ್ಶಿಗಳು ನಗಲಿಲ್ಲ. ಆಗ ಅಕ್ಕ ಹೇಳಿದ ಮಾತನ್ನು ಆ ಹುಡುಗಿ ನನಗೆ ಒಂದಕ್ಷರ ಬಿಡದೆ ಒಪ್ಪಿಸಿದ್ದಾಳೆ:

"ನಿಮ್ಮ ಒಂಬತ್ತು ಫಾರಂನಲ್ಲಿ ಪಾಠ ಕೆಡೋದಕ್ಕೆ ಜಾಗನೇ ಇಲ್ಲ ಸಾರ್. ಎಲ್ಲದರಲ್ಲೂ 'ಉದ್ದೇಶ ಈಡೇರಿದೆ' ಅಂತ ಬರೀಬೇಕು. ಕೆಟ್ಟದ್ದು ಬರೆಯದೆ ಇದ್ದರೆ ಸರಿ ಮಾಡೋದು ಯಾವಾಗ?"

ಕಾರ್ಯದರ್ಶಿಗಳು ಬಹಳ ಹೊತ್ತು ಪುಟ ತಿರುಗಿಸುತ್ತಲೇ ಇದ್ದರಂತೆ. ಕಾರ್ಖಾನೆಯಲ್ಲಿ ಪ್ರತಿ ಮೆಷಿನ್ನಿಗೂ ಒಂದು ಬ್ರೇಕ್‌ಡೌನ್ ರಿಜಿಸ್ಟರ್ ಇರುತ್ತಿತ್ತು, ಯಾವಾಗ ನಿಂತಿತು, ಯಾಕೆ ನಿಂತಿತು, ಏನು ಮಾಡಿದೆವು ಅಂತ ಅದರಲ್ಲಿ ಬರೆಯುತ್ತಿದ್ದೆವು ಅಂದರು. ಯಾರಿಗೆ ಹೇಳಿದರೋ, ಮೇಜಿಗೆ ಹೇಳಿದ ಹಾಗಿತ್ತು. ಆಮೇಲೆ, ಈ ಪುಸ್ತಕ ಒಂದು ವಾರ ನನ್ನ ಹತ್ತಿರ ಇರಲಿ ಅಂದರು. ಅಕ್ಕ ಆಗಲ್ಲ ಅಂದಳು. ನಾಳೆ ಮೂರನೇ ಪೀರಿಯಡ್ಡಿಗೆ ಬೇಕು, ಬೇಕಾದರೆ ಜೆರಾಕ್ಸ್ ಮಾಡಿಸಿ ಕೊಡ್ತೀನಿ.

ಹಾಗೆ ಆ ಸಂಜೆ ಪುಸ್ತಕ ನನ್ನ ಮೆಷಿನ್ನಿಗೆ ಬಂತು. ಇನ್ನೂರ ಹನ್ನೆರಡು ಪುಟ. ಅಷ್ಟು ವರ್ಷ ಮನೆಯ ಮೇಜಿನ ಮೇಲೆ ನೋಡಿದ ಪುಸ್ತಕವನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ. ಅವತ್ತು ಒಂದೊಂದು ಪುಟ ಗಾಜಿನ ಮೇಲಿಡುವಾಗ ಓದಿದೆ. ಯಾವ ಮಗು ಗುಣಾಕಾರದಲ್ಲಿ ಎಲ್ಲಿ ಎಡವುತ್ತದೆ, ಯಾರಿಗೆ ಬೋರ್ಡು ಕಾಣುವುದಿಲ್ಲ, ಯಾರು ಉತ್ತರ ಗೊತ್ತಿದ್ದೂ ಕೈ ಎತ್ತುವುದಿಲ್ಲ. ನಡುವೆ ಒಂದು ಕಡೆ, 'ಇವತ್ತು ನನಗೆ ಸುಸ್ತು, ಮಕ್ಕಳ ಮೇಲೆ ರೇಗಿದೆ, ತಪ್ಪು ನನ್ನದು.' ಮೆಷಿನ್ ಬಿಸಿಯಾಗಿ ಎರಡು ಸಲ ನಿಂತಿತು. ನನಗೂ ಸ್ವಲ್ಪ ನಿಲ್ಲಬೇಕಾಗಿತ್ತು.

ಆಮೇಲೆ ಒಂದು ತಿಂಗಳು ಏನೂ ಆಗಲಿಲ್ಲ. ಕಾರ್ಯದರ್ಶಿಗಳು ಒಂದು ದಿನ ಹೇಳದೆ ಕೇಳದೆ ಬಂದು ಆರನೇ ತರಗತಿಯ ಹಿಂದಿನ ಬೆಂಚಿನಲ್ಲಿ, ಮೊಣಕಾಲು ಹಿಡಿಸದೆ ಅಡ್ಡಡ್ಡ ಕೂತು, ಇಡೀ ಪೀರಿಯಡ್ ನೋಡಿ ಹೋದರು. ಶಾಲೆಯ ವರ್ಷ ಮುಗಿಯುತ್ತಾ ಬಂತು, ಕರಾರಿಗೆ ಯಾರನ್ನೂ ಕರೆಯಲಿಲ್ಲ. ಬೇರೆ ವರ್ಷವಾಗಿದ್ದರೆ ಆ ಹೊತ್ತಿಗೆ ಎಲ್ಲರ ಸಹಿಯೂ ಮುಗಿದಿರುತ್ತಿತ್ತು. ಅಕ್ಕನಿಂದಾಗಿ ಎಲ್ಲರ ಹೊಟ್ಟೆಗೂ ಕಲ್ಲು ಬಿತ್ತು ಅಂತ ಸ್ಟಾಫ್ ರೂಮಿನಲ್ಲಿ ಮಾತು ಹುಟ್ಟಿತು. ಕೆಲವರು ಅವಳನ್ನು ಕಂಡರೆ ದಾರಿ ಬದಲಿಸಿದರು. ನನ್ನ ಅಂಗಡಿಗೆ ಬಂದವರೂ ಮುಖ ಕೊಟ್ಟು ಮಾತಾಡಲಿಲ್ಲ. ಅದು ಅವಳಿಗೆ ನೋಟಿಸಿಗಿಂತ ಹೆಚ್ಚು ನೋವು ಕೊಟ್ಟಿತು ಅಂತ ನನಗೆ ಗೊತ್ತು. ಆ ದಿನಗಳಲ್ಲಿ ಡಬ್ಬಿಯ ಊಟ ಹಾಗೇ ವಾಪಸು ತರುತ್ತಿದ್ದಳು.

ಆದರೂ ಹೊಸ ರೂಲ್ಡ್ ಪುಸ್ತಕ ಕೊಂಡು ಮುಂದಿನ ವರ್ಷದ ಪಾಠ ಬರೆಯಲು ಕೂತಳು. ನನಗೆ ತಡೆಯಲಾಗಲಿಲ್ಲ. ಕರೆಯದೇ ಹೋದರೆ ಏನು ಮಾಡ್ತೀಯಕ್ಕ ಅಂದೆ. ತಲೆ ಎತ್ತದೆ ಹೇಳಿದಳು:

"ಬೇರೆ ಶಾಲೆಯ ಆರನೇ ಕ್ಲಾಸಿಗೂ ಭಿನ್ನರಾಶಿ ಇದೇ ಕಣೋ."

ಕೊನೆಯ ವಾರದ ಗುರುವಾರ ಆಫೀಸಿನಿಂದ ಕರೆ ಬಂತು, ಎಲ್ಲರಿಗಿಂತ ಮೊದಲು ಅವಳಿಗೇ. ಕಾರ್ಯದರ್ಶಿಗಳು ಹೊಸ ಕರಾರಿನ ಕರಡು ಮುಂದಿಟ್ಟು, ಅಚ್ಚಿಗೆ ಕೊಡುವ ಮುಂಚೆ ನೀವೊಮ್ಮೆ ಓದಿ ಅಂದರು. ತಡವಾದದ್ದು ಆ ಕರಡಿನಿಂದ. ಒಂಬತ್ತು ಫಾರಂಗಳು ಎರಡಾಗಿದ್ದವು: ವಾರದ ಯೋಜನೆ, ತಿಂಗಳಿಗೊಂದು ವರದಿ. ಯೋಜನೆಯನ್ನು ಶಿಕ್ಷಕರು ತಮಗೆ ಅನುಕೂಲವಾದ ರೀತಿಯಲ್ಲಿ ಬರೆಯಬಹುದು. ಹನ್ನೊಂದನೇ ಕಲಮಿನಲ್ಲಿ, ಬಿಡುವಿನ ಪೀರಿಯಡ್ಡಿನಲ್ಲಿ ಬೇರೆ ಕೆಲಸ ಸಾಧ್ಯವಾದಷ್ಟು ಮಟ್ಟಿಗೆ ಕೊಡತಕ್ಕದ್ದಲ್ಲ ಅಂತ ಇತ್ತು. ಅಕ್ಕ ಪೆನ್ನು ತೆಗೆದು 'ಸಾಧ್ಯವಾದಷ್ಟು ಮಟ್ಟಿಗೆ' ಅನ್ನುವುದರ ಮೇಲೆ ಒಂದು ಗೆರೆ ಎಳೆದಳು. ಇದಿದ್ದರೆ ಯಾವತ್ತೂ ಸಾಧ್ಯವಾಗುವುದಿಲ್ಲ ಸಾರ್ ಅಂದಳು. ಅವರು ಸ್ವಲ್ಪ ಯೋಚಿಸಿ, ಗೆರೆಯ ಪಕ್ಕದಲ್ಲಿ ಸಹಿ ಹಾಕಿದರು. ತಿಂಗಳ ವರದಿಯನ್ನು ತೆಗೆಸಲು ಆಗಲಿಲ್ಲ. ಅದು ಈಗಲೂ ಇದೆ, ಅದನ್ನು ಈಗಲೂ ಬೈಯುತ್ತಾಳೆ.

ನನ್ನ ವ್ಯಾಪಾರ ಅರ್ಧಕ್ಕೆ ಇಳಿಯಿತು. ಈ ಬೀದಿಯಲ್ಲಿ ಅಕ್ಕನಿಂದ ಹೊಡೆತ ತಿಂದು ಅದನ್ನೇ ಊರಿಗೆಲ್ಲ ಹೇಳಿಕೊಂಡು ತಿರುಗುವವನು ನಾನೊಬ್ಬನೇ. ಬಿಡುವಿನ ಪೀರಿಯಡ್ಡಿಗೆ ಸ್ಟಾಫ್ ರೂಮಿನಲ್ಲಿ ಈಗ 'ನಂದು ಹನ್ನೊಂದು' ಅಂತಲೇ ಹೇಳುತ್ತಾರಂತೆ. ದಾರಿ ಬದಲಿಸುತ್ತಿದ್ದವರೂ ಹಾಗೇ ಹೇಳುತ್ತಾರೆ. ಹೊಸ ಟೀಚರ್ ನನ್ನಲ್ಲಿಂದಲೇ ಒಂದು ಉದ್ದನೆಯ ಪುಸ್ತಕ ಕೊಂಡು ಹೋದಳು. ಬಲಗಡೆ ಪುಟ ತುಂಬುವುದಕ್ಕೆ ಮೊದಮೊದಲು ಬಹಳ ನಾಚಿಕೆಯಾಯಿತು ಅಂತ ಆಮೇಲೆ ಹೇಳಿದಳು.

ಹೋದ ತಿಂಗಳು ಊರಿನ ಇನ್ನೊಂದು ಕೊನೆಯ ಶಾಲೆಯವರು ಅಕ್ಕನನ್ನು ಮಾತಾಡಲು ಕರೆದಿದ್ದರು. ಶನಿವಾರ ಮಧ್ಯಾಹ್ನ. ಅಂಗಡಿ ಮುಚ್ಚಿ ನಾನೂ ಹೋದೆ. ಮೂವತ್ತು ಮೂವತ್ತೈದು ಟೀಚರುಗಳು, ಹೆಚ್ಚಿನವರ ಕೈಯಲ್ಲಿ ತಮ್ಮ ತಮ್ಮ ಕರಾರಿನ ಪ್ರತಿ. ಅಕ್ಕ ಇಪ್ಪತ್ತು ನಿಮಿಷ ಮಾತಾಡಿದಳು. ಐದು ನಿಮಿಷ ಕರಾರಿನ ಬಗ್ಗೆ, ಹದಿನೈದು ನಿಮಿಷ ರಿಬ್ಬನ್ ಜಗಳದ ಬಗ್ಗೆ. ಅವರೆಲ್ಲ ಬರೆದುಕೊಳ್ಳುತ್ತಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಮೇಷ್ಟ್ರು ನನ್ನ ಕಡೆ ಬಾಗಿ, ನೀವು ಯಾವ ವಿಷಯ ಅಂತ ಕೇಳಿದರು.

"ನಾನು ಟೀಚರ್ ಅಲ್ಲ ಸಾರ್. ಅವರ ತಮ್ಮ" ಅಂದೆ.

ಅವರು ಸ್ವಲ್ಪ ಸರಿದು ಕೂತು, ನನಗೆ ಇನ್ನಷ್ಟು ಜಾಗ ಮಾಡಿಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕನ ಮುಖ ಸಪ್ಪೆಯಾಗಿತ್ತು. ಯಾಕೆ ಅಂದರೆ, ಎಂಟನೇ ನಿಮಿಷಕ್ಕೆ ಹಿಂದಿನ ಸಾಲಿನವರ ಗಮನ ತಪ್ಪಿತು, ಅಲ್ಲೊಂದು ಉದಾಹರಣೆ ಹಾಕಬೇಕಿತ್ತು ಅಂದಳು.